ಹಳೇ ವಿದ್ಯಾರ್ಥಿನಿ

ದಿಲ್ಲಿಯ 24, ಅಕ್ಬರ್ ರೋಡ್ ಅಂದರೆ ನನ್ನ ವಯಸ್ಸಿನ ಯಾರಿಗಾದರೂ ಕಾಂಗ್ರೆಸ್ ಕಚೇರಿಯೇ ನೆನಪಾಗುತ್ತದೆ. 1978ರ ಜನವರಿಯಲ್ಲಿ ಪಕ್ಷ ಒಡೆದಾಗ ಇಂದಿರಾ ಗಾಂಧಿಯವರ ಬಣ ಬಂದು ಸೇರಿಕೊಂಡ ಬಂಗಲೆ ಅದು. ಟಿಕೆಟ್ ಆಕಾಂಕ್ಷಿಗಳ ದಂಡು, ಪಟಾಕಿ, ಬಿಳಿ ಅಂಬಾಸಿಡರ್ ಕಾರುಗಳು ಎಲ್ಲವನ್ನೂ ಅದು ನಾಲ್ಕು ದಶಕ ಕಂಡಿತು. 2025ರಲ್ಲಿ ಪಕ್ಷ ಕೋಟ್ಲಾ ರಸ್ತೆಯ ಹೊಸ ಕಟ್ಟಡಕ್ಕೆ ಹೋಯಿತು. ಇದೆಲ್ಲಕ್ಕೂ ಮೊದಲು, 1960ರ ದಶಕದ ಆರಂಭದಲ್ಲಿ, ಅದೇ ಮನೆಗೆ ಬರ್ಮಾ ಹೌಸ್ ಎಂದು ಹೆಸರಿತ್ತು. ಹೆಸರಿಟ್ಟವರು ಜವಾಹರಲಾಲ್ ನೆಹರೂ ಎನ್ನುತ್ತಾರೆ. ಬರ್ಮಾದ ರಾಯಭಾರಿಯಾಗಿ 1960ರಲ್ಲಿ ದಿಲ್ಲಿಗೆ ಬಂದ ಖಿನ್ ಚೀ ಅಲ್ಲಿ ವಾಸವಿದ್ದರು. ಅವರು ಮೂಲತಃ ನರ್ಸ್, ಆ ದೇಶದ ಮೊದಲ ಮಹಿಳಾ ರಾಯಭಾರಿ. ಜೊತೆಗಿದ್ದ ಹದಿನೈದರ ಮಗಳೇ ಆಂಗ್ ಸಾನ್ ಸೂ ಕಿ.

ಆ ಮನೆಗೆ ನೆಹರೂ ಅವರ ಆಸ್ಥೆ ದೊರಕಿದ್ದು ಸುಮ್ಮನೆ ಅಲ್ಲ. 1947ರ ಜನವರಿಯಲ್ಲಿ ಹುಡುಗಿಯ ಅಪ್ಪ ಆಂಗ್ ಸಾನ್ ಸ್ವಾತಂತ್ರ್ಯದ ಮಾತುಕತೆಗೆಂದು ಲಂಡನ್ನಿಗೆ ಹೋಗುವ ದಾರಿಯಲ್ಲಿ ದಿಲ್ಲಿಯಲ್ಲಿ ಇಳಿದಿದ್ದರು. ಮೈಮೇಲೆ ಇದ್ದದ್ದು ತೆಳ್ಳನೆಯ ಹತ್ತಿಬಟ್ಟೆಯ ಸಮವಸ್ತ್ರ. ಲಂಡನ್ನಿನ ಚಳಿಗೆ ಇದು ನಡೆಯುವುದಿಲ್ಲವೆಂದು ನೆಹರೂ ಉಣ್ಣೆಯ ಸಮವಸ್ತ್ರ ಹೊಲಿಸಿಕೊಟ್ಟರಂತೆ, ಮೇಲೊಂದು ದಪ್ಪ ಓವರ್‌ಕೋಟ್ ಕೂಡ. ಆಂಗ್ ಸಾನ್ ಅವರ ಅತಿ ಪ್ರಸಿದ್ಧ ಫೋಟೊ ಒಂದರಲ್ಲಿ ಸಣ್ಣ ಮೈಕಟ್ಟಿನ ಆ ಮನುಷ್ಯ ಭಾರಿ ಕೋಟಿನೊಳಗೆ ಮುಳುಗಿಹೋದ ಹಾಗಿದ್ದಾರೆ. ಅದೇ ವರ್ಷ ಜುಲೈ 19ರಂದು ರಂಗೂನಿನಲ್ಲಿ, ಸಭೆ ನಡೆಯುತ್ತಿದ್ದಾಗಲೇ, ಸಂಪುಟದ ಸಹೋದ್ಯೋಗಿಗಳ ಸಮೇತ ಅವರನ್ನು ಗುಂಡಿಟ್ಟು ಕೊಂದರು. ವಯಸ್ಸು 32. ಮಗಳಿಗೆ ಎರಡು ತುಂಬಿ ಒಂದು ತಿಂಗಳಾಗಿತ್ತು.

ಹೀಗೆ ಅಪ್ಪ ಇಲ್ಲದ ಹುಡುಗಿ ನಿಜ, ಆದರೆ ಬಡ ಹುಡುಗಿಯಲ್ಲ. ನಮ್ಮ ಕಡೆ ರಾಜಕಾರಣಿಗಳ ಬಾಲ್ಯ ಬರೆಯುವಾಗ ಬೀದಿದೀಪದ ಓದು, ಹರಿದ ಚಡ್ಡಿ, ಹೊಳೆ ಈಜಿ ಶಾಲೆಗೆ ಹೋದದ್ದು ಬಾರದಿದ್ದರೆ ಬರಹ ಮುಂದೆ ಹೋಗುವುದಿಲ್ಲ. ಇಲ್ಲಿ ಅದ್ಯಾವುದೂ ಇಲ್ಲ. ಲಟ್ಯೆನ್ಸ್ ದಿಲ್ಲಿಯ ಬಂಗಲೆ, ಹುಲ್ಲುಹಾಸು, ಪಿಯಾನೊ ಪಾಠ, ಕುದುರೆ ಸವಾರಿ, ಗೋಲ್ ಡಾಕ್‌ಖಾನಾ ಬಳಿಯ ಕಾನ್ವೆಂಟ್ ಆಫ್ ಜೀಸಸ್ ಅಂಡ್ ಮೇರಿ. ಅಲ್ಲಿಂದ ಲೇಡಿ ಶ್ರೀರಾಮ್ ಕಾಲೇಜು.

ನಾನು ಅದೇ ಕಾಲೇಜಿಗೆ ಸೇರಿದ್ದು 1977ರಲ್ಲಿ, ತುರ್ತುಪರಿಸ್ಥಿತಿ ಮುಗಿದ ಬೇಸಿಗೆಯ ನಂತರ. ಅಪ್ಪ ಕೃಷಿ ಭವನದಲ್ಲಿ ಯುಡಿಸಿ. ನೇತಾಜಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಎರಡು ರೂಮು, ಒಂದು ವರಾಂಡ, ಚಳಿಗಾಲದಲ್ಲಿ ಬಿಸಿಲು ಕಾಯಿಸಿಕೊಳ್ಳಲು ಮುಂದೊಂದು ಅಂಗೈಯಗಲ ಹುಲ್ಲು. ಅಲ್ಲಿಂದ ಮುದ್ರಿಕಾ ಬಸ್ಸು ಹಿಡಿದು ರಿಂಗ್ ರೋಡಿನಲ್ಲಿ ಮೂಲ್‌ಚಂದ್ ಆಸ್ಪತ್ರೆಯವರೆಗೆ ಹೋಗಬೇಕು, ಇಳಿದು ನಡೆಯಬೇಕು. ಆ ಬಸ್ಸಿನಲ್ಲಿ ದಿಲ್ಲಿ ಗಂಡಸರ ಮೊಣಕೈಗೆ ಉತ್ತರವಾಗಿ ಸೇಫ್ಟಿ ಪಿನ್ ಹಿಡಿದುಕೊಳ್ಳುವ ವಿದ್ಯೆ ಕಲಿತೆ. ಕಾಲೇಜಿನ ಯಾವ ತರಗತಿಯೂ ಹೇಳಿಕೊಡದ ರಾಜ್ಯಶಾಸ್ತ್ರ ಅದು. ಗೇಟಿನ ಒಳಗೆ ಬಂದರೆ ಬೇರೆ ಲೋಕ. ಕಾರಿನಲ್ಲಿ ಬಂದಿಳಿಯುವವರು, ಬೇಸಿಗೆ ರಜಕ್ಕೆ ಲಂಡನ್ನಿಗೆ ಹೋಗಿ ಬಂದವರು, ಅಪ್ಪ ಜಾಯಿಂಟ್ ಸೆಕ್ರೆಟರಿಯೋ ಅಡಿಷನಲ್ ಸೆಕ್ರೆಟರಿಯೋ ಎಂಬುದರ ಮೇಲೆ ಸ್ನೇಹದ ಅಂದಾಜು ಮಾಡುವವರು. ಇಂಗ್ಲಿಷಿನಲ್ಲಿ ನಾನು ಬಾಯಿ ಬಿಡಲು ಒಂದು ಟರ್ಮ್ ಹಿಡಿಯಿತು. ಮನೆಯಲ್ಲಿ ಅಮ್ಮನಿಗೆ ಈ ಕಾಲೇಜಿನ ಹೆಸರೇ ಅರ್ಥವಾಗದೆ, ಕೇಳಿದವರಿಗೆಲ್ಲ ‘ಶ್ರೀರಾಮನ ಕಾಲೇಜು’ ಎನ್ನುತ್ತಿದ್ದಳು. ಕೆಲವರು ಅದನ್ನು ಮಠದ ಕಾಲೇಜು ಎಂದೇ ತಿಳಿದಿದ್ದರು.

ದಿಲ್ಲಿ ಕ್ಲಾತ್ ಮಿಲ್ಸಿನ ಲಾಲಾ ಶ್ರೀರಾಮ್ ತೀರಿಹೋದ ಹೆಂಡತಿಯ ನೆನಪಿಗೆ 1956ರಲ್ಲಿ ಶುರುಮಾಡಿದ ಹೆಣ್ಣುಮಕ್ಕಳ ಕಾಲೇಜು ಅದು. ಮೊದಲು ದರಿಯಾಗಂಜ್‌ನಲ್ಲಿತ್ತು, ಆಮೇಲೆ ಲಾಜಪತ್ ನಗರಕ್ಕೆ ಬಂತು. ಸೂ ಕಿ ಸೇರುವ ಹೊತ್ತಿಗೆ ಅದಕ್ಕೆ ಹತ್ತು ವರ್ಷವೂ ಆಗಿರಲಿಲ್ಲ. ಸುತ್ತ ಇನ್ನೂ ಬಯಲು. ಪಾಕಿಸ್ತಾನದಿಂದ ಬಂದ ನಿರಾಶ್ರಿತರು ಲಾಜಪತ್ ನಗರದಲ್ಲಿ ಆಗತಾನೆ ಒಂದೊಂದೇ ಮಹಡಿ ಏರಿಸುತ್ತಿದ್ದ ಕಾಲ. ಈಗ ಆ ಕಡೆ ಮೆಟ್ರೊ ಇದೆ, ಫ್ಲೈಓವರ್ ಇದೆ, ಒಂದು ಸೈಟಿನ ಬೆಲೆಗೆ ನಮ್ಮೂರಲ್ಲಿ ತೋಟ ಕೊಳ್ಳಬಹುದು. ನಾವಿದ್ದ ನೇತಾಜಿ ನಗರದ ಕ್ವಾರ್ಟರ್ಸನ್ನು ಕೆಡವಿ, ಬಹುಮಹಡಿ ಕಟ್ಟುತ್ತಿದ್ದಾರೆ.

ನಾನು ಓದಿದ ಮೂರು ವರ್ಷದಲ್ಲಿ ಸೂ ಕಿ ಎಂಬ ಹೆಸರು ನನ್ನ ಕಿವಿಗೆ ಬಿದ್ದಿರಲಿಲ್ಲ. ಬೀಳಲು ಕಾರಣವೂ ಇರಲಿಲ್ಲ. ಆಗ ಆಕೆ ಆಕ್ಸ್‌ಫರ್ಡಿನಲ್ಲಿ ಇಬ್ಬರು ಗಂಡುಮಕ್ಕಳನ್ನು ಸಾಕಿಕೊಂಡಿದ್ದ ಗೃಹಿಣಿ. ನಮಗೆ ತೌಲನಿಕ ಸರ್ಕಾರಗಳು ಎಂಬ ಪೇಪರಿನಲ್ಲಿ ಬ್ರಿಟನ್ ಇತ್ತು, ಅಮೆರಿಕ ಇತ್ತು, ಸೋವಿಯತ್ ಒಕ್ಕೂಟ ಇತ್ತು. ಪಕ್ಕದ ದೇಶ ಇರಲಿಲ್ಲ. ಬರ್ಮಾ ಎಂದರೆ ನನಗೆ ಗೊತ್ತಿದ್ದದ್ದು ತುಮಕೂರಿನ ಅಜ್ಜನ ಮನೆಯ ತೇಗದ ಬಾಗಿಲು ಮಾತ್ರ. ಅದನ್ನು ‘ಬರ್ಮಾ ಟೀಕು’ ಎಂದು ಅಜ್ಜ ಬಂದವರಿಗೆಲ್ಲ ತಟ್ಟಿ ತೋರಿಸುತ್ತಿದ್ದರು.

ಸೂ ಕಿ ಜೊತೆ ಓದಿದವರು ಮುಂದೆ ಬರೆದಿರುವುದರಲ್ಲಿ ದೊಡ್ಡ ಭವಿಷ್ಯದ ಸೂಚನೆಯೇನೂ ಸಿಗುವುದಿಲ್ಲ. ನೆಟ್ಟಗೆ ಕೂರುವ, ಒಪ್ಪವಾಗಿ ಉಡುವ, ಶಿಸ್ತಿನ ಹುಡುಗಿ. ಆಂಟನಿ ಮತ್ತು ಕ್ಲಿಯೋಪಾತ್ರ ನಾಟಕವನ್ನು ಗೇಲಿ ಮಾಡಿ ಒಂದು ಪ್ರಹಸನ ಬರೆದು ಆಡಿಸಿದ್ದಳಂತೆ. ನನಗೆ ಇಷ್ಟವಾಗುವ ವಿವರ ಅದು. ಉಳಿದಂತೆ ಗಾಂಧಿಯನ್ನು ಓದಿಕೊಂಡದ್ದು ದಿಲ್ಲಿಯಲ್ಲಿ, ನೆಹರೂ ಅವರನ್ನು ಕಂಡದ್ದು ದಿಲ್ಲಿಯಲ್ಲಿ. 1964ರಲ್ಲಿ ರಾಜ್ಯಶಾಸ್ತ್ರದ ಪದವಿ ಪಡೆದು ಆಕ್ಸ್‌ಫರ್ಡಿನ ಸೇಂಟ್ ಹ್ಯೂಸ್ ಕಾಲೇಜಿಗೆ ಹೋದಳು.

ದಿಲ್ಲಿಯಲ್ಲಿ ಈ ಹುಡುಗಿ ಓದುತ್ತಿದ್ದಾಗ ರಂಗೂನಿನಲ್ಲಿ ನಡೆದದ್ದನ್ನು ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು. 1962ರ ಮಾರ್ಚ್ 2ರಂದು ಜನರಲ್ ನೆ ವಿನ್ ಸರ್ಕಾರವನ್ನು ಉರುಳಿಸಿದ. ಜುಲೈ 7ರಂದು ರಂಗೂನ್ ವಿಶ್ವವಿದ್ಯಾಲಯದಲ್ಲಿ ಹಾಸ್ಟೆಲಿನ ಹೊಸ ಕಟ್ಟುಪಾಡುಗಳ ವಿರುದ್ಧ ಹುಡುಗರು ಗಲಾಟೆ ಮಾಡಿದರು. ಸೈನಿಕರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕದಲ್ಲಿ ಸತ್ತವರು ಹದಿನೈದರ ಆಸುಪಾಸು, ವಿದ್ಯಾರ್ಥಿಗಳ ಲೆಕ್ಕದಲ್ಲಿ ನೂರಕ್ಕೂ ಮೇಲೆ. ಮರುದಿನ ಬೆಳಗಿನ ಜಾವ ವಿದ್ಯಾರ್ಥಿ ಸಂಘದ ಕಟ್ಟಡಕ್ಕೆ ಡೈನಮೈಟ್ ಇಟ್ಟು ನೆಲಸಮ ಮಾಡಿದರು.

ಕಟ್ಟಡದ ಮೇಲೆ ಯಾಕೆ ಅಷ್ಟು ಸಿಟ್ಟು? ಆಧುನಿಕ ಬರ್ಮಾ ಹುಟ್ಟಿದ್ದೇ ಅಲ್ಲಿ ಎನ್ನಬಹುದು. ಆಂಗ್ ಸಾನ್ 1933ರಲ್ಲಿ ಒಣ ಸೀಮೆಯ ನಾಟ್‌ಮಾಕ್ ಕಡೆಯಿಂದ ಬಂದು ಆ ವಿಶ್ವವಿದ್ಯಾಲಯ ಸೇರಿದಾಗ ಅವರನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಬಟ್ಟೆಬರೆಯಲ್ಲಿ ಅಚ್ಚುಕಟ್ಟಿಲ್ಲ, ಮಾತಿನಲ್ಲಿ ನಯವಿಲ್ಲ. ಸಂಘದ ಚರ್ಚಾಕೂಟದಲ್ಲಿ ಎದ್ದು ನಿಂತು ಒಡ್ಡೊಡ್ಡು ಇಂಗ್ಲಿಷಿನಲ್ಲಿ ಉದ್ದುದ್ದ ಮಾತಾಡುವುದು, ಹುಡುಗರು ಕೂಗಿ ಕೂರಿಸಲು ನೋಡುವುದು, ಈತ ಕೂರದೆ ಮುಂದುವರಿಸುವುದು. ಅವಮಾನಕ್ಕೆ ಜಗ್ಗದ ಈ ಹಟವನ್ನೇ ಆಮೇಲೆ ನಾಯಕತ್ವ ಎಂದು ಕರೆದರು. 1936ರಲ್ಲಿ ಆಂಗ್ ಸಾನ್ ಸಂಘದ ‘ಓವೇ’ ಪತ್ರಿಕೆಯ ಸಂಪಾದಕ. ವಿಶ್ವವಿದ್ಯಾಲಯದ ಅಧಿಕಾರಿಯೊಬ್ಬರನ್ನು ನರಕದ ನಾಯಿ ಎಂದು ಕರೆದ, ಬರೆದವರ ಹೆಸರಿಲ್ಲದ ಲೇಖನ ಅದರಲ್ಲಿ ಅಚ್ಚಾಯಿತು. ಬರೆದದ್ದು ಯಾರು ಎಂದು ಕೇಳಿದರೆ ಸಂಪಾದಕ ಹೇಳಲಿಲ್ಲ. ಹೊರಹಾಕಿದರು. ಭಾಷಣವೊಂದರ ಕಾರಣಕ್ಕೆ ಸಂಘದ ಅಧ್ಯಕ್ಷ ನು ಅವರನ್ನೂ ಹೊರಹಾಕಿದರು. ಮುಂದೆ ಸ್ವತಂತ್ರ ಬರ್ಮಾದ ಮೊದಲ ಪ್ರಧಾನಿಯಾದ ಊ ನು ಅವರೇ ಇವರು. ವಿದ್ಯಾರ್ಥಿಗಳು ಪರೀಕ್ಷೆ ಬಿಟ್ಟು ಶ್ವೇಡಗಾನ್ ಪಗೋಡದ ಇಳಿಜಾರಿನಲ್ಲಿ ಠಿಕಾಣಿ ಹೂಡಿದರು. ಕೊನೆಗೆ ಆಡಳಿತವೇ ಬಗ್ಗಬೇಕಾಯಿತು. ಆಂಗ್ ಸಾನ್ ಮರಳಿ ಬಂದು ಬಿಎ ಮುಗಿಸಿ, ಕಾನೂನು ಓದಲು ಸೇರಿ, ಸಂಘದ ಅಧ್ಯಕ್ಷರಾಗಿ, ಓದು ಅರ್ಧಕ್ಕೆ ಬಿಟ್ಟು ರಾಜಕಾರಣಕ್ಕೆ ಹೋದರು.

ಹೊರಹಾಕಿದ ಕಾಲೇಜಿನ ಜೊತೆಗೇ ಜೀವಮಾನದ ನಂಟು ಬೆಳೆಸಿಕೊಂಡವರು ಅಪ್ಪ. ಮಗಳಿಗೆ ಅಂಥದ್ದು ಒದಗಲಿಲ್ಲ. ತನ್ನ ದೇಶದ ಆ ಕಾಲೇಜಿನಲ್ಲಿ ಆಕೆ ಓದಲೇ ಇಲ್ಲ. ಓದಿದ್ದು ಎರಡು ಪರದೇಶದ ಕಾಲೇಜುಗಳಲ್ಲಿ, ಎರಡರಲ್ಲೂ ಅತಿಥಿಯ ಹಾಗೆ. ಆಕ್ಸ್‌ಫರ್ಡಿನಲ್ಲಿ ಆಕೆಗೆ ಸಿಕ್ಕ ವಿಷಯ ತತ್ವಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ. ಅದು ಬೇಡವೆಂದು ಅರಣ್ಯಶಾಸ್ತ್ರಕ್ಕೆ ಬದಲಿಸಿಕೊಳ್ಳಲು ನೋಡಿದರು, ಬಿಡಲಿಲ್ಲ. ಇಂಗ್ಲಿಷ್ ಸಾಹಿತ್ಯ ಕೇಳಿದರು, ಅದಕ್ಕೂ ಬಿಡಲಿಲ್ಲ. 1967ರಲ್ಲಿ ಥರ್ಡ್ ಕ್ಲಾಸಿನಲ್ಲಿ ಪಾಸಾದರು. ಮುಂದೆ ಅದೇ ಆಕ್ಸ್‌ಫರ್ಡ್ ಗೌರವ ಡಾಕ್ಟರೇಟ್ ಕೊಟ್ಟಿತು. ಅದನ್ನು ಪಡೆದದ್ದು 2012ರ ಜೂನಿನಲ್ಲಿ, ಘೋಷಣೆಯಾಗಿ ಸುಮಾರು ಎರಡು ದಶಕ ಕಳೆದ ಮೇಲೆ.

ಗಂಡ ಮೈಕಲ್ ಏರಿಸ್ ಟಿಬೆಟ್ ವಿದ್ವಾಂಸ. ಆ ನೆಪದಲ್ಲಿ ಶಿಮ್ಲಾದ ಉನ್ನತ ಅಧ್ಯಯನ ಸಂಸ್ಥೆಯಲ್ಲೂ ಸ್ವಲ್ಪ ಕಾಲ ಇದ್ದು, ವಸಾಹತು ಕಾಲದ ಭಾರತ ಮತ್ತು ಬರ್ಮಾಗಳ ಬೌದ್ಧಿಕ ಬದುಕನ್ನು ಹೋಲಿಸಿ ಸೂ ಕಿ ಒಂದು ಪ್ರಬಂಧ ಬರೆದರು. ಇಂಗ್ಲಿಷ್ ವಿದ್ಯೆ ಬಂದಾಗ ಭಾರತದಲ್ಲಿ ಹೊಸದಕ್ಕೂ ಹಳೆಯದಕ್ಕೂ ಒಂದು ಒಪ್ಪಂದ ಕುದುರಿತು, ಬರ್ಮಾದಲ್ಲಿ ಅದಕ್ಕೆ ಬಿಡುವೇ ಸಿಗಲಿಲ್ಲ ಎಂಬುದು ಅದರ ಎಳೆ. ಆಕೆಗೆ ಕಾಲೇಜು ಕಲಿಸಿದ್ದೇನು ಎಂದು ಕೇಳುವವರು ಭಾಷಣಗಳನ್ನು ಬಿಟ್ಟು ಇದನ್ನು ಓದಬೇಕು. ನಮ್ಮ ಬಗ್ಗೆ ಸ್ವಲ್ಪ ಹೆಚ್ಚೇ ಒಳ್ಳೆಯದು ಬರೆದಿದ್ದಾರೆ ಎಂದು ನನಗೆ ಅನ್ನಿಸಿತು.

1988ರ ವಸಂತದಲ್ಲಿ ತಾಯಿಗೆ ಪಾರ್ಶ್ವವಾಯು ಬಡಿದು ರಂಗೂನಿಗೆ ಹೋದವರು ಅಲ್ಲೇ ಉಳಿದರು. ಆಗಸ್ಟ್ 26ರಂದು ಭಾರಿ ಜನಸ್ತೋಮದೆದುರು ಮೊದಲ ದೊಡ್ಡ ಭಾಷಣ ಮಾಡಿದ್ದು ಶ್ವೇಡಗಾನ್ ಪಗೋಡದ ಬಳಿ, ಅಪ್ಪನ ಕಾಲದ ಮುಷ್ಕರದ ಹುಡುಗರು ಬೀಡುಬಿಟ್ಟಿದ್ದ ಗುಡ್ಡದಲ್ಲೇ. ಮರುವರ್ಷ ಗೃಹಬಂಧನ. 1990ರ ಚುನಾವಣೆಯಲ್ಲಿ ಅವರ ಪಕ್ಷ ಗೆದ್ದರೂ ಸೇನೆ ಅಧಿಕಾರ ಬಿಡಲಿಲ್ಲ. 1991ರಲ್ಲಿ ನೊಬೆಲ್ ಬಂತು. ನನಗೆ, ನನ್ನಂಥ ನೂರಾರು ಜನಕ್ಕೆ, ಆಕೆ ನಮ್ಮ ಕಾಲೇಜಿನವಳು ಎಂದು ತಿಳಿದದ್ದು ಆಗಲೇ. ಪೇಪರಿನಲ್ಲಿ ನೋಡಿ ಅಪ್ಪನಿಗೆ ಹೇಳಿದೆ. ‘ಅಕ್ಬರ್ ರೋಡಿನ ಬರ್ಮಾ ಹೌಸಿನ ಹುಡುಗಿಯಾ?’ ಎಂದರು. ಆಫೀಸಿಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದ ದಿನಗಳಲ್ಲಿ ಆ ಬೋರ್ಡನ್ನು ಓದುತ್ತಿದ್ದರಂತೆ. ಹುಡುಗಿಯನ್ನು ನೋಡಿದ್ದಿರಾ ಎಂದೆ. ಅಂಥವರ ಮನೆ ಕಾಂಪೌಂಡು ನಮ್ಮ ಕಣ್ಣಿಗಿಂತ ಎತ್ತರ ಎಂದು ಪೇಪರು ತೆಗೆದುಕೊಂಡರು.

ಭಾರತ ಸರ್ಕಾರವೂ ಆಮೇಲೆ ಎರಡು ದೋಣಿಯ ಮೇಲೆ ಕಾಲಿಟ್ಟಿತು. ನೆಹರೂ ಹೆಸರಿನ ಅಂತರರಾಷ್ಟ್ರೀಯ ಪ್ರಶಸ್ತಿಯನ್ನು ಸೂ ಕಿಗೆ ಕೊಟ್ಟಿತು. ಗಡಿಯ ಬಂಡುಕೋರರು, ಅನಿಲ, ಚೀನಾ ಎಂಬ ಲೆಕ್ಕಾಚಾರದಲ್ಲಿ ಆಕೆಯನ್ನು ಕೂಡಿಹಾಕಿದ್ದ ಜನರಲ್ ಥಾನ್ ಶ್ವೆಗೆ 2004ರಲ್ಲೂ 2010ರಲ್ಲೂ ದಿಲ್ಲಿಯಲ್ಲಿ ಕೆಂಪು ಹಾಸು ಹಾಸಿತು.

ಬಿಡುಗಡೆಯಾದ ಮೇಲೆ, 2012ರ ನವೆಂಬರಿನಲ್ಲಿ, ಆಕೆ ಭಾರತಕ್ಕೆ ಬಂದರು. ನೆಹರೂ ಸ್ಮಾರಕ ಉಪನ್ಯಾಸದಲ್ಲಿ, ಕಷ್ಟದ ದಿನಗಳಲ್ಲಿ ಭಾರತ ತಮ್ಮಿಂದ ದೂರ ಸರಿದದ್ದು ನೋವು ತಂದಿತ್ತೆಂದು ಸಭ್ಯವಾಗಿಯೇ ಹೇಳಿದರು. ನವೆಂಬರ್ 16ರಂದು ಕಾಲೇಜಿಗೆ ಹೋದರು. ಅಷ್ಟು ಹೊತ್ತಿಗೆ ನಾನು ನಿವೃತ್ತಿಯ ಅಂಚಿನಲ್ಲಿದ್ದೆ. ಟಿವಿಯಲ್ಲಿ ನೋಡಿದೆ: ಚೀರಾಡುವ ಹುಡುಗಿಯರು, ಕೂದಲಲ್ಲಿ ಹೂ ಮುಡಿದ ಅರವತ್ತೇಳರ ಹೆಂಗಸು, ಇಲ್ಲಿಗೆ ಬಂದದ್ದು ಮನೆಗೆ ಬಂದ ಹಾಗೆ ಎನ್ನುವ ಮಾತು. ಆಮೇಲೆ ಬೆಂಗಳೂರಿಗೂ ಹೋಗಿ ಇನ್ಫೊಸಿಸ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಗಳನ್ನು ನೋಡಿ ಬಂದರು. ನಮ್ಮ ಬ್ಯಾಚಿನ ಹಳೇ ಹುಡುಗಿಯರು ಆ ವಾರವೆಲ್ಲ ಫೋನಿಗೆ ಬಿದ್ದೆವು. ‘ನಮ್ಮ ಸೂ’ ಎಂದರು ಒಬ್ಬಾಕೆ. ನಾವು ಕಾಲೇಜಿಗೆ ಕಾಲಿಡುವ ಹೊತ್ತಿಗೆ ಸೂ ಹೋಗಿ ಹದಿಮೂರು ವರ್ಷವಾಗಿತ್ತು!

ಐದು ವರ್ಷದೊಳಗೆ ಎಲ್ಲ ತಿರುಗುಮುರುಗಾಯಿತು. 2017ರ ಆಗಸ್ಟ್ 25ರ ನಂತರ ರಖೈನ್ ಪ್ರಾಂತ್ಯದಲ್ಲಿ ಸೇನೆಯ ಕಾರ್ಯಾಚರಣೆಗೆ ಸಿಕ್ಕಿ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಬಾಂಗ್ಲಾದೇಶಕ್ಕೆ ಓಡಿದರು. ಅಷ್ಟರಲ್ಲಿ ಸರ್ಕಾರದ ಮುಖ್ಯಸ್ಥೆಯ ಸ್ಥಾನಕ್ಕೆ ಬಂದಿದ್ದ ಸೂ ಕಿ ಸೇನೆಯ ವಿರುದ್ಧ ಮಾತಾಡಲಿಲ್ಲ. ಸೇನೆ ಅವರ ಕೈಯಲ್ಲಿರಲಿಲ್ಲ ಎಂಬ ಸಮಜಾಯಿಷಿ ಇದೆ. ಅದು ಕೈ ಕಟ್ಟಿದ್ದಕ್ಕೆ ಸರಿಹೋಗುತ್ತದೆ, ಬಾಯಿ ಕಟ್ಟಿದ್ದಕ್ಕೆ ಸಾಲುವುದಿಲ್ಲ. 2019ರ ಡಿಸೆಂಬರಿನಲ್ಲಿ ಬಾಯಿ ತೆರೆದಾಗ, ತೆರೆದದ್ದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ, ನರಮೇಧದ ಆರೋಪದ ವಿರುದ್ಧ ತಮ್ಮ ದೇಶವನ್ನು ಸಮರ್ಥಿಸಲು.

ಸೇಂಟ್ ಹ್ಯೂಸ್ ಕಾಲೇಜಿನ ಮುಖ್ಯ ಬಾಗಿಲ ಬಳಿ ಆಕೆಯ ತೈಲಚಿತ್ರವೊಂದು ತೂಗುತ್ತಿತ್ತು. ಚೀನಾದ ಕಲಾವಿದ ಚೆನ್ ಯಾನ್‌ನಿಂಗ್ 1997ರಲ್ಲಿ ಬರೆದದ್ದು. ಏರಿಸ್ ಬಳಿ ಇದ್ದು, 1999ರಲ್ಲಿ ಅವರು ತೀರಿಕೊಂಡ ಮೇಲೆ ಕಾಲೇಜಿಗೆ ಬಂದಿತ್ತು. ಸಾಯುವ ಮುನ್ನ ಹೆಂಡತಿಯನ್ನು ನೋಡಲು ಹೋಗಲು ಅವರಿಗೆ ಸೇನೆ ವೀಸಾ ಕೊಟ್ಟಿರಲಿಲ್ಲ. 2017ರ ಸೆಪ್ಟೆಂಬರ್ ಕೊನೆಗೆ, ಹೊಸ ವಿದ್ಯಾರ್ಥಿಗಳು ಬರುವ ಮುನ್ನ, ಕಾಲೇಜು ಅದನ್ನು ಇಳಿಸಿ ಉಗ್ರಾಣಕ್ಕೆ ಹಾಕಿತು. ಹೊಸದಾಗಿ ಉಡುಗೊರೆ ಬಂದ ಜಪಾನೀ ಚಿತ್ರವನ್ನು ಅಲ್ಲಿ ತೂಗುಹಾಕಿದ್ದಾಗಿ ಹೇಳಿತು. ಮುಂದಿನ ತಿಂಗಳು ವಿದ್ಯಾರ್ಥಿಗಳು ಮತ ಹಾಕಿ ತಮ್ಮ ಕಾಮನ್ ರೂಮಿಗಿದ್ದ ಆಕೆಯ ಹೆಸರನ್ನು ತೆಗೆದರು. ಆಕ್ಸ್‌ಫರ್ಡ್ ನಗರಸಭೆಯೂ ತಾನು ಕೊಟ್ಟ ಗೌರವ ಹಿಂದಕ್ಕೆ ಪಡೆಯಿತು.

ವಿದ್ಯಾರ್ಥಿಗಳು ಮಾಡಿದ್ದು ನನಗೆ ಒಪ್ಪಿಗೆ. ಕಾರಣವನ್ನು ಬಾಯಿಬಿಟ್ಟು ಹೇಳಿ, ಮತ ಹಾಕಿ, ತೆಗೆದರು. ಕಾಲೇಜು ಮಾಡಿದ್ದು ಒಪ್ಪಿಗೆಯಿಲ್ಲ. ಚಿತ್ರ ಬದಲಾಯಿಸಲು ಬೇರೆ ಚಿತ್ರ ಬಂತೆಂಬ ನೆಪ ಯಾಕೆ ಬೇಕಿತ್ತು? ಥರ್ಡ್ ಕ್ಲಾಸ್ ವಿದ್ಯಾರ್ಥಿನಿಯನ್ನು ಬಾಗಿಲಿಗೆ ತಂದು ತೂಗುಹಾಕಿದ್ದು ಆಕೆ ಜಗತ್ತಿನ ಮುದ್ದಾಗಿದ್ದರಿಂದ, ಇಳಿಸಿದ್ದು ಮುದ್ದು ತಪ್ಪಿದ್ದರಿಂದ. ನಮ್ಮ ಹಳೇ ಹುಡುಗಿಯರ ವಾಟ್ಸ್ಯಾಪ್ ಗುಂಪು ಇದಕ್ಕಿಂತ ಭಿನ್ನವಾಗೇನೂ ನಡೆದುಕೊಳ್ಳಲಿಲ್ಲ. ಅದರ ಡಿಪಿಯಾಗಿದ್ದ ಸೂ ಕಿಯ ಫೋಟೊ 2017ರ ದಸರಾ ಹೊತ್ತಿಗೆ ಮಾಯವಾಗಿ ಕಾಲೇಜಿನ ಕೆಂಪು ಇಟ್ಟಿಗೆಯ ಗೋಡೆ ಬಂತು. ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. 2021ರ ಫೆಬ್ರವರಿ 1ರ ಬೆಳಗ್ಗೆ ಸೇನೆ ಮತ್ತೆ ಅಧಿಕಾರ ಕಿತ್ತುಕೊಂಡು ಆಕೆಯನ್ನು ಬಂಧಿಸಿದಾಗ ಅದೇ ಹಳೇ ಫೋಟೊ, ಹೂವಿನ ಸಮೇತ, ಸಂಜೆಯೊಳಗೆ ಮರಳಿತು. ಜೊತೆಗೆ ಮೂರು ಮೊಂಬತ್ತಿಯ ಇಮೋಜಿ.

ರಂಗೂನಿನ ಆ ವಿಶ್ವವಿದ್ಯಾಲಯದ ಗತಿ ಏನಾಯಿತು ಎಂದು ಕೇಳುವವರು ಕಡಿಮೆ. 1988ರ ನಂತರ ಅದನ್ನು ವರ್ಷಗಟ್ಟಲೆ ಮುಚ್ಚಿಟ್ಟರು. ಒಂದೇ ಕಡೆ ಗುಂಪುಗೂಡದಿರಲೆಂದು ಪದವಿ ತರಗತಿಗಳನ್ನು ಊರಾಚೆಯ ಕ್ಯಾಂಪಸ್ಸುಗಳಿಗೆ ಅಟ್ಟಿದರು. ಬರಾಕ್ ಒಬಾಮ 2012ರ ನವೆಂಬರ್ 19ರಂದು ಅಲ್ಲಿನ ಘಟಿಕೋತ್ಸವ ಭವನದಲ್ಲಿ ಭಾಷಣ ಮಾಡುವ ಮುನ್ನ ಗೋಡೆಗಳಿಗೆ ಬಣ್ಣ ಬಳಿದರು. ಪದವಿ ವಿದ್ಯಾರ್ಥಿಗಳನ್ನು ಮರಳಿ ಸೇರಿಸಿಕೊಂಡದ್ದು 2013ರ ಕೊನೆಗೆ. 2021ರಲ್ಲಿ ಸೇನೆಗೆ ಅಸಹಕಾರ ತೋರಿದ್ದಕ್ಕೆ ದೇಶದ ಸಾವಿರಾರು ಅಧ್ಯಾಪಕರನ್ನು ಅಮಾನತು ಮಾಡಿದರು. ಲಕ್ಷಗಟ್ಟಲೆ ಮಕ್ಕಳು ತರಗತಿಗೆ ಹೋಗಲಿಲ್ಲ. ಕೆಲವರು ಕಾಡಿಗೆ ಹೋಗಿ ಬಂದೂಕು ಹಿಡಿದರು, ಕೆಲವರು ಗಡಿ ದಾಟಿ ಮಿಜೋರಾಮಿಗೆ ಬಂದರು. ಅವರಲ್ಲಿ ಒಂದಿಷ್ಟು ಮಂದಿ ದಿಲ್ಲಿ ಸೇರಿದರು.

ಪಶ್ಚಿಮ ದಿಲ್ಲಿಯ ವಿಕಾಸಪುರಿಯಲ್ಲಿ ಬರ್ಮಾದ ಚಿನ್ ಜನ ಹಲವು ವರ್ಷದಿಂದ ಇದ್ದಾರೆ. ಅಲ್ಲಿ ವಾರಕ್ಕೊಮ್ಮೆ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವ ಕೆಲಸ ಹಚ್ಚಿಕೊಂಡಿದ್ದೇನೆ. ಇಪ್ಪತ್ತೆರಡರ ಹುಡುಗಿಯೊಬ್ಬಳು ಕಾಲೇಜಿನ ಎರಡನೇ ವರ್ಷದಲ್ಲಿ ಓದು ಬಿಟ್ಟು ಬಂದವಳು. ಸೂ ಕಿ ಓದಿದ ಕಾಲೇಜಿನಲ್ಲೇ ನಾನೂ ಓದಿದ್ದು ಎಂದು ಒಮ್ಮೆ ಸ್ವಲ್ಪ ಬಿಗುಮಾನದಲ್ಲೇ ಹೇಳಿದೆ. ಅಪ್ಪ ಎರಡು ಸಲ ಅವರ ಪಕ್ಷಕ್ಕೆ ವೋಟು ಹಾಕಿದ್ದರು, ಈಗ ಮನೆಯಲ್ಲಿ ಅವರ ವಿಷಯ ಎತ್ತುವುದಿಲ್ಲ ಎಂದಳು. ಸಿಟ್ಟೇ ಎಂದೆ. ಇಲ್ಲ ಆಂಟಿ, ಬೇರೆ ವಿಷಯ ಬಹಳ ಇವೆ ಎಂದಳು.

ದಿಲ್ಲಿಯಲ್ಲೇ ಓದು ಮುಂದುವರಿಸು, ರಾಜ್ಯಶಾಸ್ತ್ರ ತೆಗೆದುಕೋ ಎಂದೆ. ಬೇಡ, ಕಾಮರ್ಸ್ ಎಂದಳು. ಸರಿ ಎಂದು ಇಬ್ಬರೂ ಅರ್ಜಿ ತುಂಬಲು ಕೂತೆವು. ಎರಡನೇ ಪುಟದಲ್ಲೇ ಪಾಸ್‌ಪೋರ್ಟ್ ನಂಬರಿನ ಕಾಲಂ. ಅವಳ ಬಳಿ ಇರುವುದು ವಿಶ್ವಸಂಸ್ಥೆಯ ನಿರಾಶ್ರಿತರ ಕಾರ್ಡು. ಮೂರನೇ ಪುಟದಲ್ಲಿ ಹಿಂದಿನ ಕಾಲೇಜಿನಿಂದ ದೃಢೀಕರಿಸಿದ ಅಂಕಪಟ್ಟಿ ಕೇಳಿದ್ದರು. ಅದಕ್ಕೆ ಸಹಿ ಹಾಕಬೇಕಾದ ಮೇಷ್ಟರು ಈಗ ಐಜಾಲ್‌ನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾರಂತೆ.